ಮುಳ್ಳಿನ ಪೆಟ್ಟಿಗೆಯ ರಿಜಿಸ್ಟರು

ಕೋಡಿಮಾರು ಸ್ಟೇಷನ್
14-11-1987

ಪ್ರೀತಿಯ ಬೋಜಪ್ಪಣ್ಣನಿಗೆ ಅಗಸ್ಟಿನ್ ಮಾಡುವ ನಮಸ್ಕಾರಗಳು.

ನಾಲ್ಕು ವರ್ಷ ಒಂದು ಕಾಗದವನ್ನೂ ಬರೆಯದೆ ಈಗ ಕ್ಷೇಮ ವಿಚಾರಿಸಲು ನಾಚಿಕೆಯಾಗುತ್ತದೆ. ನೀವು ಕಲ್ಲುಗುಂಡಿಯ ಹೋಟೆಲಿನಲ್ಲಿ ಚಾ ಮಾಡುತ್ತಿದ್ದೀರೆಂದು ಅಲ್ಲಿ ಚಾ ಕುಡಿದು ಬಂದ ತ್ಯಾಂಪಣ್ಣ ಹೇಳಿದ. ನಮ್ಮ ಸ್ಟೇಷನ್ ಮಾಸ್ಟರಾಗಿದ್ದವರು ಚಾ ಸೋಸುವುದನ್ನು ನೆನೆದರೆ ಸಂಕಟವಾಗುತ್ತದೆ. ಶೀಲಾವತಿ ಅತ್ತಿಗೆಯನ್ನು ನನ್ನ ಹೆಂಡತಿ ಡೈಸಿ ಯಾವಾಗಲೂ ಕೇಳುತ್ತಿರುತ್ತಾಳೆ.

ಹಳಿ ಸರಿಯಾಗಿ ಕೂಡಿದೆಯೇ ಎಂದು ಮುಳ್ಳು ತಿರುಗಿಸಿ ತೋರಿಸುವ ಪೆಟ್ಟಿಗೆ ನೆನಪಿದೆಯಲ್ಲ, ಲೈನ್ ಸುರುವಾದಾಗ ಬೇರೆಲ್ಲಿಂದಲೋ ಕಿತ್ತು ತಂದ ಆ ಮುದಿ ಪೆಟ್ಟಿಗೆ? ಹೇಗೆ ಮರೆತೀರಿ! ಅದು ‘ಸರಿ’ ಎಂದದ್ದನ್ನು ನಂಬಿಯೇ ನೀವು ಗೂಡ್ಸಿಗೆ ಸಿಗ್ನಲ್ ಕೊಟ್ಟದ್ದು, ಎರಡು ಡಬ್ಬಿ ಹಳಿ ತಪ್ಪಿದ್ದು, ನಿಮ್ಮ ಕೆಲಸ ಹೋದದ್ದು.

ಕಳೆದ ತಿಂಗಳು ಸಾಲಿ ಎಂಬ ಮಲಯಾಳಿ ಹುಡುಗಿ, ಇಂಜಿನಿಯರು, ಬಂದು ಅದರ ಪಕ್ಕದಲ್ಲಿ ಒಂದು ಡಿಜಿಟಲ್ ಯಂತ್ರ ಕೂರಿಸಿದಳು. ಮುಳ್ಳು ಒಂದು ಹೇಳಿ ಹಳಿ ಇನ್ನೊಂದಾಗಿದ್ದರೆ ಅದು ದಿನ, ಗಂಟೆ, ನಿಮಿಷವನ್ನು ಕೆಂಪು ಅಂಕಿಗಳಲ್ಲಿ ತೋರಿಸುತ್ತದೆ, ನೆನಪಿಟ್ಟುಕೊಳ್ಳುತ್ತದೆ. ಇಪ್ಪತ್ತು ದಿನದಲ್ಲಿ ಹನ್ನೊಂದು ಸಲ! “ಹಳೇದನ್ನು ಬಿಸಾಡುದು ಬೇಡ. ಯಾವಾಗ ಸುಳ್ಳು ಹೇಳ್ತದೆ ಅಂತ ಗೊತ್ತಾದ್ರೆ ರಿಪೇರಿ ಮಾಡ್ಲಿಕ್ಕಾಗ್ತದೆ” ಎಂದಳು.

ಆಮೇಲೆ ನಮ್ಮ ರಿಜಿಸ್ಟರು ತಿರುವಿದಳು. “ಎಂತ ಚೇಟಾ, ಎಂಟು ವರ್ಷದಲ್ಲಿ ಒಂದು ದೋಷವೂ ಇಲ್ವಾ?” ಎಂದು ನನ್ನನ್ನು ಕೇಳಿದಳು.

“ಮುಳ್ಳು ಕಚ್ಚಿಕೊಂಡಾಗ ಅಂಗೈಯಲ್ಲಿ ಒಂದು ತಟ್ಟಿದ್ರೆ ಸರಿಯಾಗ್ತದೆ ಮಾರಾಯ್ರೆ. ಅದನ್ನೆಲ್ಲ ಬರೆಯುದೆಂತಕ್ಕೆ?” ಎಂದ ಪಾಯಿಂಟ್ಸ್‌ಮನ್ ಸುಂದರ.

ಬರೆದರೆ ಮೇಲಿನವರು ವಿವರಣೆ ಕೇಳುತ್ತಾರೆ. ಅದಕ್ಕೇ ನೀವು ಡ್ಯೂಟಿಗೆ ಬರುವ ಮೊದಲೇ ನಾವು ತಟ್ಟಿ, ‘ಸುಸ್ಥಿತಿ’ ಎಂದು ಬರೆದಿಡುತ್ತಿದ್ದೆವು. ನಿಮಗೆ ಗೊತ್ತೇ ಇರಲಿಲ್ಲ. ಆ ರಿಜಿಸ್ಟರು ನೋಡಿಯೇ ವಿಚಾರಣೆಯವರು ಪೆಟ್ಟಿಗೆಯದು ಏನೂ ತಪ್ಪಿಲ್ಲ, ತಪ್ಪೆಲ್ಲ ನಿಮ್ಮದೇ ಎಂದು ತೀರ್ಮಾನಿಸಿದ್ದು.

ಸಾಲಿಯ ವರದಿ ಮೇಲೆ ಹೋಗಿದೆ. ಮರುವಿಚಾರಣೆಗೆ ಕೂಡಲೇ ಅರ್ಜಿ ಹಾಕಿ. ನಿಮ್ಮ ಹೆಸರಿಗೆ ಮೆತ್ತಿದ ಕಳಂಕ ಹೋಗಲೇಬೇಕು, ಬೋಜಪ್ಪಣ್ಣ. ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ಇತಿ ನಿಮ್ಮ
ಅಗಸ್ಟಿನ್, ಸಿಗ್ನಲ್ ಮೇಂಟೇನರ್

ತಾ.ಕ.: ಈಗ ಕೂರಿಸಿದ ಯಂತ್ರ ನಾಲ್ಕು ವರ್ಷದ ಹಿಂದಿನ ದಿನಕ್ಕೆ ಸಾಕ್ಷಿ ಹೇಳಲಾರದಂತೆ. ಹೇಳಬಲ್ಲವನು ನಾನೊಬ್ಬನೇ. ಗೂಡ್ಸು ಹಳಿ ತಪ್ಪಿದ ಆ ದಿನ ಬೆಳಿಗ್ಗೆ ಏಳು ಗಂಟೆಗೆ ಮುಳ್ಳು ಕಚ್ಚಿಕೊಂಡಿತ್ತು. ತಟ್ಟಿದವನು ನಾನು, ‘ಸುಸ್ಥಿತಿ’ ಎಂದು ಬರೆದವನೂ ನಾನು. ವಿಚಾರಣೆಯಲ್ಲಿ ಕೇಳಿದಾಗ, ಅದು ಎಂದೂ ಕಚ್ಚಿಕೊಂಡದ್ದಿಲ್ಲ ಎಂದೆ. ನೀವು ನನ್ನನ್ನೇ ನೋಡುತ್ತಿದ್ದಿರಿ. ಈ ಕಾಗದವನ್ನು ಅರ್ಜಿಯ ಜೊತೆ ಲಗತ್ತಿಸಿ. ನನ್ನ ಕೆಲಸ ಹೋದೀತೆಂದು ಹಿಂಜರಿಯಬೇಡಿ. ಡೈಸಿಗೆ ಹೇಳಿದ್ದೇನೆ.