ಹಾಲೋ ಬ್ಲಾಕ್ ಮೇಲೆ ಅಮ್ಮನ ಕಾರು

ಅಪ್ಪ,

"ಒಂಬತ್ನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋನು ನಂಗೆ ಪಾಠ ಹೇಳ್ತಾನೆ ನೋಡ್ರಪ್ಪಾ. ಈ ಬ್ಲಾಕಲ್ಲಿ ಮೂರಂತಸ್ತು ನಿಲ್ಸಿದೀನಿ, ಒಂದು ಕಾರು ನಿಲ್ಲಲ್ವೇನೋ ದಡ್ಡ?" ಕಾರನ್ನು ಹಾಲೋ ಬ್ಲಾಕ್ ಮೇಲೆ ನಿಲ್ಲಿಸಬೇಡ ಅಂದದ್ದಕ್ಕೆ ನಿನ್ನೆ ಬಾಡಿಗೆಯವರೆಲ್ಲರ ಮುಂದೆ ಹೀಗಂದೆಯಲ್ಲ, ಅವರು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಗೋಡೆಯಲ್ಲಿ ಬ್ಲಾಕಿಗೆ ಸಿಮೆಂಟಿನ ಹಿಡಿತ ಇರುತ್ತದೆ, ಭಾರ ಹಂಚಿಹೋಗುತ್ತದೆ. ಕಾರಿನ ಕೆಳಗೆ ಎಲ್ಲ ಭಾರವೂ ಒಂದೇ ಕಡೆ ಬಿದ್ದು ಹೇಳದೆ ಕೇಳದೆ ಒಡೆಯುತ್ತದೆ. ಇದನ್ನು ನಾನು ಕಲಿತದ್ದು ಸ್ಕೂಲಿನಲ್ಲಲ್ಲ, ಕೆಲಸ ಮಾಡುವ ಇಟ್ಟಮಡು ಗ್ಯಾರೇಜಿನಲ್ಲಿ.

ಬ್ಲಾಕುಗಳನ್ನೆಲ್ಲ ಟೆರೇಸಿಗೆ ಹೊತ್ತು ಹಾಕಿದ್ದೇನೆ. ಮೆಟ್ಟಿಲ ಕೆಳಗೆ ನನ್ನ ನಾಲ್ಕು ಜಾಕ್ ಸ್ಟ್ಯಾಂಡ್ ಇವೆ, ಎತ್ತಿದ ಕಾರನ್ನು ಹೊರುವ ಕಬ್ಬಿಣದ ಕಾಲುಗಳು. ಮಣ್ಣಿನ ಮೇಲೆ ಬೇಡ, ಸಿಮೆಂಟ್ ನೆಲದ ಮೇಲೇ ಇಡು. ಮೊದಲು ಚಕ್ರಕ್ಕೆ ಕಲ್ಲು ಕೊಡು, ಆಮೇಲೆ ಜಾಕ್ ಎತ್ತು. ಕಾರಿನಡಿ ನಾನು ಸೀಮೆಸುಣ್ಣದಲ್ಲಿ ಗುರುತು ಹಾಕಿದ ಕಡೆಯೇ ಸ್ಟ್ಯಾಂಡ್ ಕೂರಬೇಕು. ಸ್ಟ್ಯಾಂಡಿನ ಎತ್ತರ ಹಿಡಿದಿಡುವ ಪಿನ್ನು ಪೂರ್ತಿ ಒಳಗೆ ಹೋಗಿದೆಯಾ ನೋಡು. ಜಾಕ್ ಇಳಿಸಿ, ಕಾರನ್ನು ಕೈಯಲ್ಲಿ ತಳ್ಳಿ ನೋಡು. ಅಲುಗಾಡಿದರೆ ಮತ್ತೆ ಮೊದಲಿಂದ. ಬರೀ ಜಾಕ್ ನಂಬಿ ಕಾರಿನ ಅಡಿಗೆ ತೂರಬೇಡ, ಸ್ಪ್ಯಾನರ್ ಉರುಳಿ ಹೋಗಿದ್ದರೂ ಸರಿ.

ಓಡಿಸುವವರಿಲ್ಲದೆ ಅಮ್ಮನ ಕಾರಿನ ಟೈರು ಹಾಳಾಗಬಾರದು ಅಂತ ನಿನಗಿದೆ, ಗೊತ್ತು. ಅವಳು ತೀರಿಕೊಂಡು ಮೂರು ತಿಂಗಳಾಯಿತು. ಅವಳು ಮುಂದಕ್ಕೆ ಎಳೆದುಕೊಂಡಿದ್ದ ಸೀಟನ್ನು ನೀನಿನ್ನೂ ಹಿಂದಕ್ಕೆ ಸರಿಸಿಲ್ಲ. ಆ ಕಾರಿನಡಿ ನೀನೂ ಹೋಗಿಬಿಟ್ಟರೆ ನನ್ನನ್ನು ದಡ್ಡ ಅನ್ನೋಕಾದರೂ ಯಾರಿರುತ್ತಾರೆ?

ಸ್ವಲ್ಪ ದಿನ ಗ್ಯಾರೇಜಿನಲ್ಲೇ ಇರುತ್ತೇನೆ. ಇದನ್ನು ಬರೆಯುವಾಗಲೇ ಅಡುಗೆಮನೆಯಿಂದ "ನಂದಾ, ಕಾಫಿ ಕುಡೀತೀಯೇನೋ?" ಅಂತ ಕೂಗುತ್ತಿದ್ದೀಯ. ಬಾಯಿ ಬಿಟ್ಟರೆ ಅತ್ತುಬಿಡುತ್ತೇನೆ. ಈ ಚೀಟಿಯನ್ನು ಸ್ಟ್ಯಾಂಡಿನ ಮೇಲಿಟ್ಟು ಹೋಗುತ್ತಿದ್ದೇನೆ.