ಪಕ್ಕದಲ್ಲಿ ಕೂತ ಮಗಳು

ತೊಂಡೇಬಾವಿ
ಬುಧವಾರ, ೧೨-೨-೨೦೨೫

ಪ್ರೀತಿಯ ಕವಿತಕ್ಕನಿಗೆ ನಿನ್ನ ಶಿರೀಷಾಳ ನಮಸ್ಕಾರ.

ನನ್ನದು ಐದನೇ ಕ್ಲಾಸಿನ ಅಕ್ಷರ, ಕಾಗೆ ಕಾಲು ಗುಬ್ಬಿ ಕಾಲು. ತಪ್ಪಿದ್ದರೆ ಬೈಯದೆ ತಿದ್ದಿಕೊಂಡು ಓದು. ಫೋನಿನಲ್ಲಿ ನೀನು ಜೋರು ಮಾಡಿದರೆ ನನಗೆ ಮಾತೇ ಹೊರಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅಮ್ಮಾಜಮ್ಮತ್ತೆ ನಿನಗೆ, "ನಿಮ್ಮಪ್ಪ ಚಿಕ್ಕೋಳಿಗೆ ಜಿಪಿಎ ಬರ್ಕೊಡ್ತಾವ್ನೆ ಕಣೇ, ಜಮೀನು ಹೋಯ್ತು ಅಂದ್ಕೋ" ಅಂದರಂತೆ. ಅವರದೂ ತಪ್ಪಲ್ಲ. ನಮ್ಮ ಕಡೆ ಜಿಪಿಎ, ಅಧಿಕಾರ ಪತ್ರ, ಅಂದರೆ ಲೇಔಟಿನವರು ಬಂದು ಕಲ್ಲು ನೆಟ್ಟರು ಅಂತಲೇ ಅರ್ಥ. ಇದು ಅದಲ್ಲ ಅಕ್ಕ. ಅಪ್ಪನದು ಮರೆವಿನ ಕಾಯಿಲೆ, ವಾಸಿಯಾಗುವುದಿಲ್ಲ, ಹೆಚ್ಚುತ್ತಲೇ ಹೋಗುತ್ತದೆ ಅಂತ ಚಿಕ್ಕಬಳ್ಳಾಪುರದ ಡಾಕ್ಟರು ಹೇಳಿದರು. ಬ್ಯಾಂಕಿಗೆ, ಆಸ್ಪತ್ರೆಗೆ ಅಪ್ಪನ ಪರವಾಗಿ ಓಡಾಡಲು ಒಬ್ಬರಿಗೆ ಅಧಿಕಾರ ಬೇಕು. ಮಾರುವ ಅಧಿಕಾರ ಅದರಲ್ಲಿ ಇಲ್ಲ. ನಾನೇ ಬೇಡ ಅಂದೆ.

ಲಾಯರ್ ಸತ್ಯಮೂರ್ತಿಯವರು ಇನ್ನೊಂದು ಹೇಳಿದರು. ಅಪ್ಪನಿಗೆ ತಿಳಿವಳಿಕೆ ಪೂರ್ತಿ ಹೋದ ಮೇಲೆ ಆ ಪತ್ರಕ್ಕೂ ಬೆಲೆ ಇರುವುದಿಲ್ಲವಂತೆ. ಜಮೀನು ನಮ್ಮಿಬ್ಬರಿಗೂ ಅಂತ ವಿಲ್ಲನ್ನೂ ಅವರ ತಲೆ ಸರಿಯಿರುವಾಗಲೇ ಬರೆಸಬೇಕು. "ತಡ ಮಾಡ್ಬೇಡಮ್ಮ" ಅಂದರು.

ಅಧಿಕಾರ ಯಾರಿಗೆ ಅಂತ ಅವರು ಕೇಳಿದಾಗ ಅಪ್ಪ ನನ್ನ ಕೈ ಹಿಡಿದು, "ಇನ್ಯಾರಿಗೆ ಸ್ವಾಮಿ, ಪಕ್ಕದಾಗೆ ಕೂತವ್ಳಲ್ಲ, ಈ ಮಗಳಿಗೆ" ಅಂದರು. ಲಾಯರು ನನ್ನ ಹೆಸರು ಬರೆದುಕೊಂಡರು. ನನಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ನಿನ್ನನ್ನು ಕೇಳಬೇಕಿತ್ತು. ಕೇಳಿದರೆ ಬೇಡ ಅನ್ನುತ್ತೀಯೇನೋ ಅಂತ ಸುಮ್ಮನಾದೆ.

ಇವತ್ತು ಗೌರಿಬಿದನೂರಿನಲ್ಲಿ ರಿಜಿಸ್ಟರ್ ಆಗಬೇಕಿತ್ತು. ಆಗಲಿಲ್ಲ. ಭಾನುವಾರ ಚಿಂತಾಮಣಿಯಿಂದ ಬಂದುಬಿಡು. ಅಪ್ಪನ ಎದುರು ನಾವಿಬ್ಬರೂ ಕೂರೋಣ. ಯಾರಿಗೆ ಅಂತ ಅವರೇ ಹೇಳಲಿ.

ನಿನ್ನ ತಂಗಿ,
ಶಿರೀಷಾ

ತಾ.ಕ.: ಯಾಕೆ ಆಗಲಿಲ್ಲ ಅಂತ ಬರೆಯಬಾರದು ಅಂದುಕೊಂಡಿದ್ದೆ. ಬೆಳಿಗ್ಗೆ ಅಪ್ಪನಿಗೆ ಬಿಳಿ ಅಂಗಿ ತೊಡಿಸಿ ಗುಂಡಿ ಹಾಕುತ್ತಿದ್ದೆ. ನನ್ನ ಗಲ್ಲ ಮುಟ್ಟಿ, "ಕವಿತಮ್ಮ, ಚಿಂತಾಮಣಿಯಿಂದ ಯಾವಾಗ ಬಂದೆ ತಲ್ಲಿ? ಇವತ್ತು ಎಲ್ಲಾ ನಿನ್ನ ಹೆಸರಿಗೇ ಬರ್ದುಬಿಡ್ತೀನಿ. ಚಿಕ್ಕೋಳಿಗೆ ಹೇಳ್ಬೇಡ, ಬೇಜಾರು ಮಾಡ್ಕೊಂತಾಳೆ" ಅಂದರು. ಆಗಲಿ ಅಪ್ಪ ಅಂದೆ. ಬಾಗಿಲಲ್ಲಿ ಕಾಯುತ್ತಿದ್ದ ಆಟೋದವನನ್ನು ಇವತ್ತು ಬೇಡ ಅಂತ ಕಳಿಸಿಬಿಟ್ಟೆ.