ನೇಪಲ್ಸಿನ ಹತ್ತು ನಿಮಿಷ

ಹೂರಾ, 17-3-85

ಉಷಾ,

ಕೇಕು ಫ್ರಿಜ್ಜಿನಲ್ಲಿದೆ. ಗ್ಯಾಸಿನವನು ಹನ್ನೊಂದಕ್ಕೆ ಬರುತ್ತಾನೆ, ಖಾಲಿ ಸಿಲಿಂಡರ್ ಹೊರಗಿಡು.

ಶರ್ಮಿಳಾಳ ಹುಟ್ಟುಹಬ್ಬಕ್ಕೆ ಬಂದವರಿಗೆಲ್ಲ ನೀನು ಇವತ್ತೂ ಹೇಳುತ್ತೀ: "ನಾನು ಹೆರಿಗೆಗೆ ಆಸ್ಪತ್ರೆಯಲ್ಲಿ, ಇವರು ಅಲ್ಲಿ ನೇಪಲ್ಸಿನಲ್ಲಿ ಇಡೀ ದಿನ ಫೋನಿಗೆ ಕಾದು ಕೂತಿದ್ರು ಮಾರಾಯ್ರೆ!" ದಯವಿಟ್ಟು ಹೇಳಬೇಡ. ಅದು ನಾನೇ ನಿನಗೆ ಹೇಳಿದ ಸುಳ್ಳು.

ಆ ದಿನ ನಾನು ಕೆಲಸಕ್ಕಿದ್ದ ಹಡಗಿನಿಂದ ಬೆಳಿಗ್ಗೆ ಒಂಬತ್ತಕ್ಕೆ ಇಳಿದೆ. ಊರು ಸುತ್ತಿದೆ, ಕೋಟೆ ಹತ್ತಿದೆ, ಎರಡು ಸಲ ಐಸ್‌ಕ್ರೀಂ ತಿಂದೆ. ಫೋನ್ ಕಚೇರಿಗೆ ಹೋದದ್ದು ಸಂಜೆ ಐದೂವರೆಗೆ. ಸಾಲು ಉದ್ದವಿತ್ತು, ಹತ್ತು ನಿಮಿಷ ನಿಂತು ಫೋನ್ ಮಾಡದೆಯೇ ಹಡಗಿಗೆ ಮರಳಿದೆ.

ಒಂಬತ್ತು ವರ್ಷಗಳಿಂದ ನೀನು ಅದನ್ನು ಹೇಳುವಾಗಲೆಲ್ಲ ನಾನು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಎದ್ದು ಹೋಗುತ್ತಿದ್ದೇನೆ.

ಸಲ್ಮಾಬಾದಿನ ಕೆಲಸ ಮುಗಿಸಿ ಆರಕ್ಕೆ ಬರುತ್ತೇನೆ. ನೆಂಟರು ಬರುವುದು ಏಳಕ್ಕೆ. ನಡುವಿನ ಒಂದು ಗಂಟೆ ನಿನ್ನದು. ಏನು ಹೇಳಿದರೂ ಎದ್ದು ಹೋಗುವುದಿಲ್ಲ.

ಸರ್ವೋತ್ತಮ